ಕಾರಂಜಿ ಕೆರೆ ಸುತ್ತಿ ಹಸಿದಾಗ: ತಿಂಡಿ, ಊಟಕ್ಕೆ ಯಾವ ಕಡೆ ಹೋಗಬೇಕು?

ಮೈಸೂರಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಬೆಳಗ್ಗೆ ಝೂ, ಆಮೇಲೆ ಅದರ ಪಕ್ಕದ ಕಾರಂಜಿ ಕೆರೆ, ಸರಿ, ಆದರೆ ಹೊಟ್ಟೆಗೆ ಏನು ಮಾಡೋದು? ಕೇಳುವವರ ಹತ್ತಿರ ಹೆಸರುಗಳೇನೂ ಕಡಿಮೆ ಇರುವುದಿಲ್ಲ. ಮೈಲಾರಿ ಅಂತ ಒಬ್ಬರು ಹೇಳಿರುತ್ತಾರೆ, ಆರ್‌ಆರ್‌ಆರ್ ಅಂತ ಇನ್ನೊಬ್ಬರು, ಹನುಮಂತು ಪಲಾವ್ ತಿನ್ನದೆ ಬರಲೇಬೇಡಿ ಅಂತ ಮತ್ತೊಬ್ಬರು, ಲಲಿತ ಮಹಲ್‌ನಲ್ಲಿ ಕೂತು ಉಣ್ಣಬೇಕು ಅಂತ ಮನೆಯಲ್ಲಿ ಯಾರಿಗೋ ಆಸೆ, ಮಕ್ಕಳಿಗೆ ಮಾಲ್. ಎಲ್ಲಾ ಸೇರಿ ತಲೆ ಕೆಟ್ಟು, ಕೊನೆಗೆ ಗೇಟಿನ ಎದುರು ಸಿಕ್ಕಿದ್ದನ್ನೇ ತಿಂದು ಊರಿಗೆ ಹೊರಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರು. ಈ ಕೆರೆಯಿಂದ ಆಟೋದಲ್ಲಿ ಹತ್ತು ನಿಮಿಷ ಹೋದರೆ ಸಾಕು, ಮೈಸೂರಿನ ಒಳ್ಳೆಯ ತಿಂಡಿ ಸಿಗುತ್ತದೆ. ಅದನ್ನು ಬಿಟ್ಟು ಹೋಗಬಾರದು.

ಹೆಸರುಗಳಿಗೆ ಬರುವ ಮೊದಲು ಕೆಲವು ವಿಷಯ ತೀರ್ಮಾನ ಆಗಲಿ.

ಎಲ್ಲಕ್ಕಿಂತ ಮೊದಲು ಹೊತ್ತು. ನನ್ನ ಮಟ್ಟಿಗೆ ರುಚಿಗಿಂತ, ದುಡ್ಡಿಗಿಂತ, ದೂರಕ್ಕಿಂತ ದೊಡ್ಡ ಪ್ರಶ್ನೆ ಇದೇ. ಮೈಸೂರಿನ ಹಳೇ ಹೋಟೆಲ್‌ಗಳು ದಿನವಿಡೀ ತೆರೆದಿರುವುದಿಲ್ಲ. ತಿಂಡಿ ಹೋಟೆಲ್‌ಗಳಲ್ಲಿ ಬೆಳಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು ಪಾಳಿ, ಮಧ್ಯೆ ಒಲೆ ಆರಿಸಿ ಬಾಗಿಲು ಹಾಕುವ ಕಡೆಗಳು ಬಹಳ. ಊಟದ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಅನ್ನ, ಸಾರು ಮುಗಿಯುತ್ತದೆ. ಅಂದರೆ ಮೂರೂವರೆಯಿಂದ ನಾಲ್ಕೂವರೆವರೆಗೆ ಒಂದು ಖಾಲಿ ಹೊತ್ತು ಇದೆ. ಝೂ ಮುಗಿಸಿ, ಕೆರೆ ಮುಗಿಸಿ, ಮಕ್ಕಳನ್ನು ಎಳೆದುಕೊಂಡು ಜನ ಹೊರಗೆ ಬರುವುದು ಸರಿಯಾಗಿ ಆ ಹೊತ್ತಿಗೇ! ಊಟ ಇಲ್ಲ, ದೋಸೆ ಇನ್ನೂ ಶುರು ಆಗಿಲ್ಲ. ಆದ್ದರಿಂದ ಎಲ್ಲಿ ತಿನ್ನಬೇಕು ಅನ್ನೋದಕ್ಕಿಂತ ಮೊದಲು ಎಷ್ಟು ಗಂಟೆಗೆ ತಿನ್ನಬೇಕು ಅಂತ ನಿರ್ಧಾರ ಮಾಡಿ.

ಎರಡನೆಯದು ಕಾಲಿನ ಸ್ಥಿತಿ. ಮೈಸೂರು ಝೂ, ಅಂದರೆ 1892ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯ, 157 ಎಕರೆಯಷ್ಟು ದೊಡ್ಡದು. ಒಳಗೆ ಮೂರು ಕಿಲೋಮೀಟರ್‌ನಷ್ಟು ನಡಿಗೆ ಆಗುತ್ತದೆ. ಅದರ ಮೇಲೆ ಕೆರೆಯ ದಂಡೆ, ಪಕ್ಷಿಗಳ ದೊಡ್ಡ ಪಂಜರ, ಚಿಟ್ಟೆ ಉದ್ಯಾನ, ದೋಣಿ. ಇಷ್ಟಾದ ಮೇಲೆ 'ಇನ್ನೊಂದು ಕಿಲೋಮೀಟರ್ ನಡೆದರೆ ಒಳ್ಳೆ ಹೋಟೆಲ್ ಇದೆ' ಅಂದರೆ ಅಜ್ಜಿಯೂ ಒಪ್ಪುವುದಿಲ್ಲ, ಐದು ವರ್ಷದ ಮಗುವೂ ಒಪ್ಪುವುದಿಲ್ಲ. ಕೆರೆ ಮಾತ್ರ ನೋಡಿದವರಿಗೆ ಈ ಕಷ್ಟ ಇಲ್ಲ, ಅವರಿಗೆ ಊರೆಲ್ಲಾ ಹತ್ತಿರವೇ.

ಮೂರನೆಯದು ಜೊತೆಗೆ ಯಾರಿದ್ದಾರೆ ಅನ್ನೋದು. ನಾಲ್ಕು ಜನ ಗೆಳೆಯರು ಹೋಟೆಲ್ ಬಾಗಿಲಲ್ಲಿ ಅರ್ಧ ಗಂಟೆ ನಿಂತು ಕಾಯಬಹುದು. ಕೈಗೂಸಿದ್ದರೆ, ಸಕ್ಕರೆ ಕಾಯಿಲೆಯವರು ಇದ್ದರೆ, ಮಂಡಿ ನೋವಿನವರು ಇದ್ದರೆ ಅದು ಆಗದ ಮಾತು. ಕೈ ತೊಳೆಯಲು ಜಾಗ, ಶುಚಿಯಾದ ಶೌಚಾಲಯ, ಬೆನ್ನು ಒರಗಿಸುವ ಕುರ್ಚಿ, ಇವು ಅವರಿಗೆ ರುಚಿಯಷ್ಟೇ ಮುಖ್ಯ.

ನಾಲ್ಕನೆಯದು ದುಡ್ಡು. ಇಲ್ಲಿ ವ್ಯತ್ಯಾಸ ಬಹಳ ದೊಡ್ಡದು. ಹಳೇ ಹೋಟೆಲ್‌ನಲ್ಲಿ ಇಡೀ ಮನೆಯವರು ಹೊಟ್ಟೆ ತುಂಬಾ ತಿನ್ನುವ ದುಡ್ಡಿಗೆ, ದೊಡ್ಡ ಹೋಟೆಲ್‌ನ ಬಫೆಯಲ್ಲಿ ಒಬ್ಬರ ಊಟವೂ ಬರುವುದು ಕಷ್ಟ. ಸಸ್ಯಾಹಾರವೋ ಮಾಂಸಾಹಾರವೋ ಅನ್ನೋದನ್ನು ನಿಮ್ಮ ಮನೆಯಲ್ಲೇ ಮಾತಾಡಿಕೊಳ್ಳಿ. ಎರಡೂ ಬೇಕು ಅನ್ನುವ ಗುಂಪಿಗೆ ಆಯ್ಕೆ ಸ್ವಲ್ಪ ಕಡಿಮೆ ಆಗುತ್ತದೆ.

ಮತ್ತೊಂದು ಮಾತು. ಝೂಗೂ ಕಾರಂಜಿಗೂ ಮಂಗಳವಾರ ವಾರದ ರಜೆ. ಉಳಿದ ದಿನ ಬೆಳಗ್ಗೆ 8:30ರಿಂದ ಸಂಜೆ 5:30. ಈ ಎರಡು ಸಮಯ ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ಗೇಟಿನ ಹತ್ತಿರ, ಮತ್ತು ಒಳಗೆ

ಬಹಳ ಜನ ಮಾಡುವುದು ಇದನ್ನೇ. ಝೂ ರಸ್ತೆಯ ಉದ್ದಕ್ಕೂ ಗಾಡಿಗಳು ಇರುತ್ತವೆ. ಉಪ್ಪು ಖಾರ ಹಾಕಿದ ಮಾವಿನಕಾಯಿ, ಸೌತೆಕಾಯಿ, ಎಳನೀರು, ಚುರುಮುರಿ, ಐಸ್‌ಕ್ರೀಮ್. ಝೂ ಒಳಗೆ ಕ್ಯಾಂಟೀನ್ ಇದೆ. ಕೆರೆಯ ಕಡೆ ಸಿಗುವುದು ಏನಿದ್ದರೂ ಕುರುಕಲು ತಿಂಡಿ, ತಂಪು ಪಾನೀಯದ ಮಟ್ಟದ್ದು. ಅದನ್ನು ಊಟ ಅಂತ ನಂಬಿಕೊಂಡು ಹೋಗಬೇಡಿ.

ಇದರ ಲಾಭ ಒಂದೇ, ನಡೆಯಬೇಕಾಗಿಲ್ಲ, ಕಾಯಬೇಕಾಗಿಲ್ಲ. ಮಗು ಹಸಿವಿನಿಂದ ಅಳುತ್ತಿರುವಾಗ ಅದೇ ದೊಡ್ಡ ಲಾಭ ಅಲ್ವಾ? ಎಳನೀರು ಮತ್ತು ಸೌತೆಕಾಯಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಬಿಸಿಲಲ್ಲಿ ಸುತ್ತಿದವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಿಮ್ಮ ಕಣ್ಣೆದುರೇ ಹೆಚ್ಚಿಸಿಕೊಳ್ಳಿ, ಮೊದಲೇ ಹೆಚ್ಚಿ ಇಟ್ಟಿದ್ದು ಬೇಡ. ಚುರುಮುರಿಯೂ ಅಷ್ಟೇ. ಮೈಸೂರಿನ ಚುರುಮುರಿ ಅಂದರೆ ಪುರಿ, ತುರಿದ ಕ್ಯಾರೆಟ್, ಈರುಳ್ಳಿ, ಖಾರ, ನಿಂಬೆ, ಕೊಬ್ಬರಿ ಎಣ್ಣೆ ಹಾಕಿ ಕೈಯಲ್ಲಿ ಕಲಸಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಕಲಸಿದ ಎರಡು ನಿಮಿಷದ ಒಳಗೆ ತಿನ್ನಬೇಕು, ಆಮೇಲೆ ಪುರಿ ಮೆತ್ತಗಾಗುತ್ತದೆ.

ಮಕ್ಕಳು ಬಣ್ಣದ ಬಾಂಬೆ ಮಿಠಾಯಿ ಕೇಳಿದರೆ ಮಾತ್ರ ಗಟ್ಟಿ ಮನಸ್ಸು ಮಾಡಿ. ಕಾಟನ್ ಕ್ಯಾಂಡಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ರೊಡಮಿನ್ ಬಿ ಅನ್ನೋ ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿದ್ದೇ ಅದಕ್ಕೆ ಕಾರಣ. ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ ಎಲ್ಲೇ ಕಂಡರೂ ಮುಂದೆ ಹೋಗಿ.

ಒಟ್ಟಿನಲ್ಲಿ ಇದು ಹಸಿವು ಮುಂದಕ್ಕೆ ಹಾಕುವ ದಾರಿ. ಹಾಗಂತ ತಿಳಿದು ತಿಂದರೆ ಬೇಜಾರಾಗುವುದಿಲ್ಲ.

ಮನೆಯ ಡಬ್ಬಿ

ಇದನ್ನು ಜನ ಈಗೀಗ ಮರೆತೇಬಿಟ್ಟಿದ್ದಾರೆ. ನನಗೆ ಇದು ತುಂಬಾ ಇಷ್ಟದ ಆಯ್ಕೆ. ಮೈಸೂರಿನಲ್ಲೇ ಇರುವವರಿಗೆ, ಮಂಡ್ಯ, ನಂಜನಗೂಡು, ಟಿ. ನರಸೀಪುರದ ಕಡೆಯಿಂದ ಬೆಳಗ್ಗೆ ಹೊರಟು ಬರುವವರಿಗೆ ಪುಳಿಯೋಗರೆ, ಮೊಸರನ್ನ, ಚಪಾತಿ ಪಲ್ಯ ಕಟ್ಟಿಕೊಂಡು ಬರುವುದು ಏನೂ ಕಷ್ಟ ಅಲ್ಲ. ಖರ್ಚು ಇಲ್ಲ. ಹೊತ್ತಿನ ಚಿಂತೆಯೂ ಇಲ್ಲ. ವಯಸ್ಸಾದವರಿಗೆ ಉಪ್ಪು ಖಾರ ಮನೆಯ ಹದದಲ್ಲೇ ಸಿಗುತ್ತದೆ.

ತೊಂದರೆ ಏನು ಅಂದರೆ ತಿನ್ನುವ ಜಾಗ. ಗೇಟಿನಲ್ಲಿ ಪ್ಲಾಸ್ಟಿಕ್‌ಗೆ ತಪಾಸಣೆ ಇರುತ್ತದೆ, ಬ್ಯಾಗ್ ತೆಗೆದು ನೋಡುತ್ತಾರೆ, ಹೊರಗಿನ ತಿಂಡಿಯನ್ನು ಒಳಗೆ ಬಿಡುವ ಬಗ್ಗೆ ಅವರ ಮಾತೇ ಕೊನೆ. ಆದ್ದರಿಂದ ಡಬ್ಬಿ ಕಾರಿನಲ್ಲೇ ಇರಲಿ. ಕೆರೆ ನೋಡಿ ಹೊರಗೆ ಬಂದು, ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಉಣ್ಣಿ. ಸ್ಟೀಲ್ ಡಬ್ಬಿ, ಸ್ಟೀಲ್ ನೀರಿನ ಬಾಟಲಿ, ಕೈ ಒರೆಸಲು ಒಂದು ಬಟ್ಟೆ, ಕಸ ವಾಪಸ್ ತರಲು ಒಂದು ಚೀಲ. ಬಸ್ಸಿನಲ್ಲಿ ಬಂದವರಿಗೆ ಇದು ಅಷ್ಟು ಹೊಂದುವುದಿಲ್ಲ, ಡಬ್ಬಿ ಹೊತ್ತುಕೊಂಡು ಮೂರು ತಾಸು ಸುತ್ತುವುದು ಬೇಡ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಕೈಯಲ್ಲಿ ಇರುವ ಚಿಪ್ಸ್, ಬ್ರೆಡ್ಡು, ಪುರಿ ಯಾವುದನ್ನೂ ಕೆರೆಯ ಹಕ್ಕಿಗಳಿಗೆ ಎಸೆಯಬೇಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ ಇವೆಲ್ಲ ಮೀನು ಹಿಡಿದು ಬದುಕುವ ಹಕ್ಕಿಗಳು. ಅವಕ್ಕೆ ನಮ್ಮ ಉಪ್ಪು, ಎಣ್ಣೆ ಬೇಡ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆಯುತ್ತದೆ. ಊರಿನ ಮಧ್ಯೆ ಇಂಥ ಕೆರೆ ಉಳಿದಿರುವುದೇ ದೊಡ್ಡದು, ಅದನ್ನು ನಾವು ಕೆಡಿಸಬಾರದು.

ನಜರ್‌ಬಾದಿನ ಮೈಲಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆರೆಯಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿ ನಜರ್‌ಬಾದ್. ಅಲ್ಲಿಯ ವಿನಾಯಕ ಮೈಲಾರಿ 1938ರಿಂದ ಇರುವ ಹೋಟೆಲ್. ಒಂದೇ ಬಡಾವಣೆಯಲ್ಲಿ ಮೈಲಾರಿ ಹೆಸರಿನ ಹೋಟೆಲ್ ಒಂದಕ್ಕಿಂತ ಹೆಚ್ಚು ಇವೆ, ಯಾವುದು ಮೂಲದ್ದು ಅಂತ ಮೈಸೂರಿನವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆ ವಾದಕ್ಕೆ ನೀವು ಸಿಕ್ಕಿಕೊಳ್ಳಬೇಡಿ, ಯಾವುದರಲ್ಲಿ ಸಾಲು ಚಿಕ್ಕದಿದೆಯೋ ಅಲ್ಲಿ ಕೂತುಕೊಳ್ಳಿ.

ಇಲ್ಲಿಯ ದೋಸೆ ಬೇರೆ ಕಡೆಯ ಮಸಾಲೆ ದೋಸೆಯ ಹಾಗೆ ಗರಿಗರಿ ಅಲ್ಲ. ಅದನ್ನು ಮೊದಲೇ ತಿಳಿದು ಹೋಗಿ, ಇಲ್ಲದಿದ್ದರೆ 'ಇದೇನು ಇಷ್ಟು ಮೆತ್ತಗೆ' ಅನ್ನಿಸುತ್ತದೆ. ಬಾಳೆ ಎಲೆಯ ತುಂಡು ಹಾಕಿದ ತಟ್ಟೆ ಬರುತ್ತದೆ. ಅದರ ಮೇಲೆ ಮಡಚಿದ ದೋಸೆ, ಹೊರಗೆ ತೆಳುವಾದ ಹೊಂಬಣ್ಣ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಮೇಲಿಟ್ಟ ಬೆಣ್ಣೆ ನೀವು ಕೈ ಹಾಕುವ ಹೊತ್ತಿಗೆ ಅರ್ಧ ಕರಗಿ ಅಂಚಿನಿಂದ ಎಲೆಗೆ ಇಳಿದಿರುತ್ತದೆ. ಒಳಗೆ ಆಲೂಗಡ್ಡೆ ಪಲ್ಯ ಅಲ್ಲ, ಸಾಗು. ಪಕ್ಕಕ್ಕೆ ಬಿಳೀ ತೆಂಗಿನಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಈ ದೋಸೆಗೆ ಅದು ಬೇಕೂ ಇಲ್ಲ. ಒಂದು ದೋಸೆಗೆ ಯಾರೂ ಏಳುವುದಿಲ್ಲ, ಒಬ್ಬರಿಗೆ ಎರಡು ಅಂತ ಲೆಕ್ಕ ಇಟ್ಟುಕೊಳ್ಳಿ. ಕೊನೆಗೆ ಒಂದು ಕಾಫಿ.

ಲಾಭ ಏನು ಅಂದರೆ ರುಚಿ, ಕಡಿಮೆ ಖರ್ಚು, ಬೇಗ ಮುಗಿಯುವುದು. ಕೂತ ಮೇಲೆ ಇಪ್ಪತ್ತು ನಿಮಿಷದಲ್ಲಿ ಆಚೆ ಬರಬಹುದು. ಕಷ್ಟ ಏನು ಅಂದರೆ ಜಾಗ ಚಿಕ್ಕದು. ಬೇರೆಯವರ ಜೊತೆ ಒಂದೇ ಮೇಜಿನಲ್ಲಿ ಕೂರಬೇಕಾಗುತ್ತದೆ, ಭಾನುವಾರ ಬೆಳಗ್ಗೆ ಒಂಬತ್ತರ ಮೇಲೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ, ಕಾರು ನಿಲ್ಲಿಸಲು ರಸ್ತೆ ಬದಿ ಬಿಟ್ಟರೆ ಬೇರೆ ಜಾಗ ಇಲ್ಲ. ಇಡ್ಲಿ, ದೋಸೆ ಬಿಟ್ಟರೆ ಹೆಚ್ಚು ಬಗೆಯೂ ಇಲ್ಲ. ಅನ್ನ ಬೇಕು ಅನ್ನುವವರು ಬೇರೆ ಕಡೆ ನೋಡಬೇಕು.

ನನ್ನ ಪ್ರಕಾರ ಮೈಲಾರಿಯನ್ನು ಕೆರೆ ನೋಡಿದ ಮೇಲೆ ಇಟ್ಟುಕೊಳ್ಳುವುದಕ್ಕಿಂತ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಏಳೂವರೆಗೆ ಅಲ್ಲಿ ಇದ್ದರೆ ಎಂಟೂಕಾಲಿಗೆ ಎದ್ದು, ಗೇಟು ತೆರೆಯುವ ಹೊತ್ತಿಗೆ ಕಾರಂಜಿಯಲ್ಲಿ ಇರಬಹುದು. ಬೆಳಗಿನ ಬಿಸಿಲಿಗೆ ಹಕ್ಕಿಗಳು ಚುರುಕಾಗಿರುತ್ತವೆ, ಜನ ಕಡಿಮೆ, ಹೊಟ್ಟೆ ತುಂಬಿರುವುದರಿಂದ ಮಧ್ಯಾಹ್ನ ಒಂದು ಗಂಟೆಯವರೆಗೂ ಯಾರೂ ತಿಂಡಿ ಕೇಳುವುದಿಲ್ಲ. ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬರುವವರಿಗೆ ಇದು ಇನ್ನೂ ಹೊಂದುತ್ತದೆ. 2023ರಲ್ಲಿ ಆ ರಸ್ತೆ ತೆರೆದ ಮೇಲೆ ಬಿಡದಿ, ಮದ್ದೂರು, ಮಂಡ್ಯ ಎಲ್ಲಾ ಬದಿಗೆ ಸರಿದವು, ತಟ್ಟೆ ಇಡ್ಲಿಯೂ ಇಲ್ಲ, ಮದ್ದೂರು ವಡೆಯೂ ಇಲ್ಲ, ಜನ ಹಸಿದುಕೊಂಡೇ ಮೈಸೂರು ಸೇರುತ್ತಾರೆ. ಅವರು ನೇರವಾಗಿ ನಜರ್‌ಬಾದಿಗೆ ಬಂದು ತಿಂದು ಆಮೇಲೆ ಕೆರೆಗೆ ಹೋಗಲಿ.

ಸಸ್ಯಾಹಾರಿ ಊಟ ಬೇಕಾದರೆ

ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ಬಂದಿದ್ದೀರಿ, ಜೊತೆಗೆ ಅಪ್ಪ ಅಮ್ಮ ಇದ್ದಾರೆ, ಅನ್ನ ಸಾರು ಬೇಕು. ಹೀಗಿದ್ದರೆ ನಜರ್‌ಬಾದಿನ ಗೆಸ್ಟ್ ಹೌಸ್ ರಸ್ತೆಯ ಹೋಟೆಲ್ ಸಿದ್ಧಾರ್ಥ ನನ್ನ ಮೊದಲ ಆಯ್ಕೆ. ಸಬರ್ಬ್ ಬಸ್ ನಿಲ್ದಾಣಕ್ಕೂ ಇದು ಹತ್ತಿರ, ಬಸ್ಸಿಗೆ ಹೋಗುವವರು ಊಟ ಮುಗಿಸಿ ಹಾಗೇ ಹೋಗಬಹುದು. ಕುರ್ಚಿ ಮೇಜು ಸಿಗುತ್ತದೆ, ಕೈ ತೊಳೆಯುವ ಜಾಗ ಇದೆ, ಊಟ ಬೇಡ ಅನ್ನುವ ಮಕ್ಕಳಿಗೆ ದೋಸೆ, ಪೂರಿ ಸಿಗುತ್ತದೆ. ಗಾಂಧಿ ಚೌಕದ ದಾಸಪ್ರಕಾಶ್ ಕೂಡ ಇದೇ ಸಾಲಿನ ಹಳೇ ಹೋಟೆಲ್. ದೂರ ಸ್ವಲ್ಪ ಜಾಸ್ತಿ, ಆದರೆ ಅರಮನೆ ನೋಡುವ ಯೋಚನೆ ಇದ್ದರೆ ದಾರಿಯಲ್ಲೇ ಸಿಗುತ್ತದೆ.

ಮೈಲಾರಿಯ ದೋಸೆ ತಿಂದಾಗ ಆಗುವ ಖುಷಿ ಇಲ್ಲಿ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಯಾರಿಗೂ ತೊಂದರೆ ಆಗದೆ ಎಲ್ಲರೂ ಕೂತು ಉಂಡು ಎದ್ದರು ಅನ್ನುವ ನೆಮ್ಮದಿ ಇದೆಯಲ್ಲ, ಮೂರು ತಲೆಮಾರು ಒಟ್ಟಿಗೆ ಹೊರಟಾಗ ಅದರ ಬೆಲೆ ಗೊತ್ತಾಗುತ್ತದೆ.

ಕೆರೆಯ ಇನ್ನೊಂದು ಮಗ್ಗುಲಿಗೆ ಸಿದ್ಧಾರ್ಥನಗರ ಬಡಾವಣೆ. ಅಲ್ಲಿ ದರ್ಶಿನಿ ಬಗೆಯ ಚಿಕ್ಕ ಹೋಟೆಲ್‌ಗಳು ಸಿಗುತ್ತವೆ. ಪ್ರವಾಸಿಗರು ಆ ಕಡೆ ಬರುವುದು ಕಡಿಮೆ, ಹಾಗಾಗಿ ಭಾನುವಾರವೂ ಬೇಗ ತಿಂದು ಏಳಬಹುದು. ಇಡ್ಲಿ, ರೈಸ್ ಬಾತ್, ಕಾಫಿ ಸಾಕು ಅನ್ನುವವರು, ಸ್ವಂತ ಗಾಡಿ ಇರುವವರು ಆ ಕಡೆ ತಿರುಗಿ. ಯಾವುದೇ ಒಂದು ಹೆಸರನ್ನು ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ, ಬಡಾವಣೆಯ ಜನ ನಿಂತು ತಿನ್ನುತ್ತಿರುವ ಕಡೆ ನಿಲ್ಲಿಸಿ.

ಮಾಂಸದ ಊಟ

ಇಲ್ಲಿ ಎರಡು ಹೆಸರು ಬರುತ್ತವೆ, ಎರಡೂ ಕೆರೆಗೆ ಅಂಟಿಕೊಂಡಿಲ್ಲ. ಆಟೋ ಹಿಡಿಯಬೇಕು.

ಗಾಂಧಿ ಚೌಕದ ಆರ್‌ಆರ್‌ಆರ್‌ನಲ್ಲಿ ಆಂಧ್ರ ಶೈಲಿಯ ಊಟ, ಬಾಳೆ ಎಲೆ, ಬಿರಿಯಾನಿ. ಖಾರ ಚೆನ್ನಾಗಿಯೇ ಇರುತ್ತದೆ, ಮಕ್ಕಳಿಗೆ ಮೊಸರು ಜೊತೆಗಿರಲಿ. ಇದರ ಒಂದು ಅನುಕೂಲ ಅಂದರೆ ಎಲೆ ಊಟವೂ ಸಿಗುವುದರಿಂದ, ಗುಂಪಿನಲ್ಲಿ ಮಾಂಸ ತಿನ್ನದವರು ಒಬ್ಬಿಬ್ಬರು ಇದ್ದರೂ ಹಸಿದು ಕೂರಬೇಕಾಗಿಲ್ಲ. ಆದರೆ ಪಕ್ಕದ ಎಲೆಯಲ್ಲಿ ಮಾಂಸ ಇದ್ದರೆ ಉಣ್ಣಲಾರೆ ಅನ್ನುವವರನ್ನು ಇಲ್ಲಿಗೆ ಕರೆತರಬೇಡಿ. ರಜಾದಿನ ಒಂದೂವರೆ ಗಂಟೆ ಹೊತ್ತಿಗೆ ಹೋದರೆ ನಿಲ್ಲುವುದು ಖಚಿತ, ಹನ್ನೆರಡೂವರೆಗೇ ಹೋಗಿ. ಶನಿವಾರ, ಭಾನುವಾರ ಆ ಕಡೆ ಕಾರು ನಿಲ್ಲಿಸುವುದು ದೊಡ್ಡ ಕೆಲಸ. ಕಾರನ್ನು ಝೂ ಹತ್ತಿರದ ಪಾರ್ಕಿಂಗ್‌ನಲ್ಲೇ ಬಿಟ್ಟು ಆಟೋದಲ್ಲಿ ಹೋಗಿ ಬನ್ನಿ, ಮನಸ್ಸಿಗೂ ಆರಾಮ.

ಮಂಡಿ ಮೊಹಲ್ಲಾದ ಹನುಮಂತು 1930ರಿಂದ ಇರುವ ಹೆಸರು. ಪಲಾವ್‌ಗೆ ಜನ ದೂರದಿಂದ ಬರುತ್ತಾರೆ. ಬಿರಿಯಾನಿಯ ಹಾಗೆ ಬಣ್ಣ, ಪದರ ಯಾವುದೂ ಇಲ್ಲ, ಹಸಿರು ಮಸಾಲೆ, ಮೆತ್ತಗೆ ಬೆಂದ ಮಟನ್, ಬಿಸಿ ಬಿಸಿ ಅನ್ನ. ಇದು ಬೆಳಗಿನ ಊಟ ಅಂತಲೇ ತಿಳಿಯಿರಿ. ಮಧ್ಯಾಹ್ನ ತಡವಾದರೆ ಪಾತ್ರೆ ಖಾಲಿ. ಈ ಹೆಸರಿನ ಹೋಟೆಲ್ ಊರಲ್ಲಿ ಬೇರೆ ಬೇರೆ ಕಡೆ ಕಾಣುತ್ತದೆ, ಹಳೆಯದೇ ಬೇಕು ಅಂದರೆ ಆಟೋದವರಿಗೆ ಮಂಡಿ ಮೊಹಲ್ಲಾ ಅಂತ ಸ್ಪಷ್ಟವಾಗಿ ಹೇಳಿ. ಕೂರುವ ವ್ಯವಸ್ಥೆ ಸರಳ, ಕುಟುಂಬ ಸಮೇತ ಗಂಟೆಗಟ್ಟಲೆ ಕೂತು ಹರಟುವ ಜಾಗ ಅಲ್ಲ.

ಇವೆರಡರಲ್ಲಿ ಯಾವುದು? ಕೆರೆಗೆ ಮೊದಲು ತಿನ್ನುವವರಿಗೆ ಹನುಮಂತು, ಕೆರೆ ಆದ ಮೇಲೆ ತಿನ್ನುವವರಿಗೆ ಆರ್‌ಆರ್‌ಆರ್. ಹೊತ್ತೇ ಇದನ್ನು ತೀರ್ಮಾನ ಮಾಡುತ್ತದೆ. ಇನ್ನೂ ಒಂದು ಮಾತು, ಭಾರೀ ಪಲಾವ್ ತಿಂದು ಬಿಸಿಲಲ್ಲಿ ಝೂ ಪೂರ್ತಿ ಸುತ್ತುವುದು ಎಲ್ಲರಿಂದ ಆಗುವುದಿಲ್ಲ. ಕೆರೆ ಮಾತ್ರ ನೋಡುವ ದಿನ ಇಟ್ಟುಕೊಳ್ಳಿ.

ಮಾಲ್‌ನ ಫುಡ್ ಕೋರ್ಟ್

ಎಂ.ಜಿ. ರಸ್ತೆಯ ಮಾಲ್ ಆಫ್ ಮೈಸೂರು ಝೂಗೆ ತೀರಾ ಹತ್ತಿರ. ಮೈಸೂರಿಗೆ ಬಂದು ಮಾಲ್‌ನಲ್ಲಿ ತಿನ್ನೋದಾ ಅಂತ ಹಿರಿಯರು ಮುಖ ಕಿವುಚುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಆಗಲೇ ಹೇಳಿದ ಮೂರೂವರೆಯಿಂದ ನಾಲ್ಕೂವರೆಯ ಖಾಲಿ ಹೊತ್ತಿನಲ್ಲಿ ಖಂಡಿತವಾಗಿ ಬಿಸಿ ಊಟ ಸಿಗುವ ಜಾಗ ಇದು. ಎಸಿ ಇದೆ, ಲಿಫ್ಟ್ ಇದೆ, ಶೌಚಾಲಯ ಇದೆ, ಕಾರು ನಿಲ್ಲಿಸಲು ಜಾಗ ಇದೆ. ಒಬ್ಬರಿಗೆ ಫ್ರೈಡ್ ರೈಸ್, ಒಬ್ಬರಿಗೆ ದೋಸೆ, ಒಬ್ಬರಿಗೆ ಪಿಜ್ಜಾ, ಜಗಳ ಇಲ್ಲ. ಮಳೆ ಬಂದರಂತೂ ಇದಕ್ಕಿಂತ ಒಳ್ಳೆಯ ಆಶ್ರಯ ಇಲ್ಲ.

ಕಳೆದುಕೊಳ್ಳುವುದು ಏನು? ಮೈಸೂರಿನ ರುಚಿ. ಇಲ್ಲಿ ಸಿಗುವುದು ಬೆಂಗಳೂರಿನ ಮಾಲ್‌ನಲ್ಲೂ ಸಿಗುತ್ತದೆ. ಖರ್ಚು ಹಳೇ ಹೋಟೆಲ್‌ಗಿಂತ ಹೆಚ್ಚು. ಹೊರಗಿನಿಂದ ಬಂದು ಒಂದೇ ದಿನ ಇರುವವರು ಬೇರೆ ದಾರಿ ಇದ್ದರೆ ಇದನ್ನು ಬಿಡಿ. ಹೊತ್ತು ತಪ್ಪಿದ್ದರೆ ಸಂಕೋಚ ಪಡದೆ ಹೋಗಿ.

ಆ ಕಡೆ ಹೋದವರು ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆ ಕಡೆ ಒಮ್ಮೆ ಕಣ್ಣು ಹಾಯಿಸಿ. ಬಾಳೆಹಣ್ಣು, ಸೀಬೆಹಣ್ಣು ತೆಗೆದುಕೊಂಡರೆ ವಾಪಸ್ ಹೋಗುವ ದಾರಿಗೆ ಆಗುತ್ತದೆ. ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ, ಈಗ ಅದು ಕಾಣುವುದೇ ಅಪರೂಪ.

ದೊಡ್ಡ ಬಿಲ್, ದೊಡ್ಡ ನೆನಪು

ಮದುವೆ ವಾರ್ಷಿಕೋತ್ಸವ, ಅಪ್ಪನ ಅರವತ್ತು, ಹೊರದೇಶದಿಂದ ಬಂದ ನೆಂಟರು, ಇಂಥ ದಿನಕ್ಕೆ ಎರಡು ದಾರಿ.

ಒಂದು, ಮಾಲ್ ಪಕ್ಕದ ರಾಡಿಸನ್ ಬ್ಲೂ. ಬಫೆ, ಒಳ್ಳೆಯ ಉಪಚಾರ, ಸಣ್ಣ ಮಕ್ಕಳಿಗೂ ವಯಸ್ಸಾದವರಿಗೂ ಅನುಕೂಲ. ಒಬ್ಬರಿಗೆ ನಾಲ್ಕು ಅಂಕಿಯ ಲೆಕ್ಕ ಅಂತ ಮೊದಲೇ ಮನಸ್ಸಿನಲ್ಲಿ ಇರಲಿ. ಕೆರೆಗೆ ಹತ್ತಿರ ಅನ್ನೋದೇ ಇದರ ದೊಡ್ಡ ಲಾಭ.

ಇನ್ನೊಂದು ಲಲಿತ ಮಹಲ್. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ವೈಸ್‌ರಾಯ್ ತಂಗಲೆಂದು 1921ರಲ್ಲಿ ಕಟ್ಟಿಸಲು ಶುರು ಮಾಡಿದ ಅರಮನೆ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಬಿಳಿ ಗುಮ್ಮಟ ಹೊತ್ತು ನಿಂತಿದೆ. 1974ರಲ್ಲಿ ಹೋಟೆಲ್ ಆಯಿತು. ಹಿಂದೆ ನೃತ್ಯಕ್ಕೆ ಇದ್ದ ಹಾಲ್‌ನಲ್ಲೇ ಊಟ. ತಲೆ ಎತ್ತಿದರೆ ಬಣ್ಣದ ಗಾಜಿನ ಛಾವಣಿ, ಗೋಡೆಯಲ್ಲಿ ಗಚ್ಚಿನ ಕುಸುರಿ, ಮಾತಾಡಿದರೆ ದನಿ ಮೇಲಕ್ಕೆ ಹೋಗಿ ಸ್ವಲ್ಪ ತಡವಾಗಿ ವಾಪಸ್ ಬರುತ್ತದೆ. ಅಲ್ಲಿ ನಾವು ದುಡ್ಡು ಕೊಡುವುದು ಆ ಕೋಣೆಗೆ. ಇದೇ ದುಡ್ಡಿಗೆ ಇದಕ್ಕಿಂತ ರುಚಿಯಾದ ಊಟ ಊರಲ್ಲಿ ಸಿಗಬಹುದು, ಆದರೆ ಇಂಥ ಕೋಣೆ ಸಿಗುವುದಿಲ್ಲ. ಆಡಳಿತ, ನವೀಕರಣ ಅಂತ ಬದಲಾವಣೆ ಆಗುತ್ತಿರುತ್ತದೆ, ಹೊರಗಿನವರಿಗೆ ಊಟ ಇದೆಯೇ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಊಟ ದುಬಾರಿ ಅನ್ನಿಸಿದರೆ ಸಂಜೆ ಕಾಫಿ ಸಿಗುತ್ತದೆಯೇ ಅಂತಲೂ ಅದೇ ಫೋನಿನಲ್ಲಿ ಕೇಳಿ. ಕೆರೆಯಿಂದ ಐದೂವರೆಗೆ ಹೊರಟರೆ ಆ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ನಡೆದು ಹೋಗುವ ದೂರ ಅಲ್ಲ, ಆಟೋ ವಾಪಸ್ ಸಿಗುವುದು ಆ ಕಡೆ ಸ್ವಲ್ಪ ಕಷ್ಟ, ಅದಕ್ಕೂ ತಯಾರಿ ಇರಲಿ.

ದಸರಾ ಸಮಯದಲ್ಲಿ

ಆ ಹತ್ತು ದಿನ ಮೇಲೆ ಹೇಳಿದ ಯಾವ ಲೆಕ್ಕವೂ ನಡೆಯುವುದಿಲ್ಲ. ನಜರ್‌ಬಾದ್ ರಸ್ತೆಯಲ್ಲಿ ಗಾಡಿ ಹೋಗುವುದಿಲ್ಲ, ಗಾಂಧಿ ಚೌಕದ ಕಡೆ ಪೊಲೀಸರು ದಾರಿ ಬದಲಿಸಿರುತ್ತಾರೆ, ಹೋಟೆಲ್‌ಗಳಲ್ಲಿ ನಿಂತು ತಿನ್ನಲೂ ಜಾಗ ಇರುವುದಿಲ್ಲ. ಆಗ ಎರಡು ಬೇರೆ ಆಯ್ಕೆ ತೆರೆದುಕೊಳ್ಳುತ್ತವೆ. ಒಂದು ಆಹಾರ ಮೇಳ. ನಡೆಯುವ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ್ದು ಎಲ್ಲಿ ಅಂತ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಮಲೆನಾಡು, ಕರಾವಳಿ, ಉತ್ತರ ಕರ್ನಾಟಕದ ಅಡುಗೆ ಒಂದೇ ಕಡೆ ಸಿಗುತ್ತದೆ. ಇನ್ನೊಂದು ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ. ಅಲ್ಲಿಯ ಡೆಲ್ಲಿ ಹಪ್ಪಳ ಮತ್ತು ಮೆಣಸಿನಕಾಯಿ ಬಜ್ಜಿಗೆ ಮೈಸೂರಿನವರು ವರ್ಷವಿಡೀ ಕಾಯುತ್ತಾರೆ. ಕೆರೆ ಮುಚ್ಚಿದ ಮೇಲೆ ಅಲ್ಲಿಗೆ ಹೋದರೆ ಸಂಜೆ ತಿಂಡಿ ಮುಗಿಯುತ್ತದೆ. ಹಬ್ಬ ಮುಗಿದ ಮೇಲೂ ಪ್ರದರ್ಶನ ಕೆಲವು ವಾರ ನಡೆಯುತ್ತದೆ. ಜನ ಕಡಿಮೆ ಆದ ಆ ದಿನಗಳೇ ನನಗೆ ಹೆಚ್ಚು ಇಷ್ಟ.

ಹಾಗಾದರೆ ನೀವು ಯಾರು?

ಬೆಂಗಳೂರಿನಿಂದ ಬಂದು ಸಂಜೆ ವಾಪಸ್ ಹೋಗುವ ಕುಟುಂಬ ಆದರೆ, ಬೆಳಗ್ಗೆ ಮೈಲಾರಿ, ಎಂಟೂವರೆಗೆ ಕಾರಂಜಿ, ಆಮೇಲೆ ಝೂ, ಮಧ್ಯೆ ಸೌತೆಕಾಯಿ ಎಳನೀರು, ಎರಡು ಗಂಟೆಗೆ ಸಿದ್ಧಾರ್ಥದಲ್ಲಿ ಊಟ. ಝೂ ಮೊದಲು ಮಾಡಿ ಕೆರೆ ಆಮೇಲೆ ಅಂತ ಬಹಳ ಜನ ಹೋಗುತ್ತಾರೆ, ನಾನು ಉಲ್ಟಾ ಹೇಳುತ್ತೇನೆ. ಕೆರೆಗೆ ಬೆಳಗಿನ ಹೊತ್ತು ಬೇಕು, ಪ್ರಾಣಿಗಳನ್ನು ಹತ್ತು ಗಂಟೆಗೂ ನೋಡಬಹುದು.

ಕೈಯಲ್ಲಿ ದುಡ್ಡು ಕಡಿಮೆ ಇರುವ ಕಾಲೇಜು ಹುಡುಗ ಹುಡುಗಿಯರಿಗೆ ಬೆಳಗ್ಗೆ ಹೊಟ್ಟೆ ತುಂಬಾ ತಿಂಡಿ, ಮಧ್ಯಾಹ್ನ ಚುರುಮುರಿ, ಸಂಜೆ ಮತ್ತೆ ದೋಸೆ. ಮಾಲ್‌ನಲ್ಲಿ ಒಂದು ಹೊತ್ತು ತಿನ್ನುವ ದುಡ್ಡಿಗೆ ಇಡೀ ದಿನ ಕಳೆಯುತ್ತದೆ.

ಮೈಸೂರಿನಲ್ಲೇ ಇದ್ದು ಹಕ್ಕಿ ನೋಡಲು ಬರುವವರಿಗೆ ಹೇಳುವುದು ಏನೂ ಇಲ್ಲ, ನಿಮಗೆ ಸಿದ್ಧಾರ್ಥನಗರದ ಕಾಫಿ ಗೊತ್ತೇ ಇದೆ.

ಗೆಳೆಯರ ಗುಂಪು, ಮಾಂಸ ಬೇಕೇ ಬೇಕು, ಅರಮನೆಯೂ ನೋಡಬೇಕು ಅಂದರೆ ಕೆರೆಯಿಂದ ಹನ್ನೆರಡಕ್ಕೆ ಹೊರಟು ಹನ್ನೆರಡೂವರೆಗೆ ಆರ್‌ಆರ್‌ಆರ್‌ನಲ್ಲಿ ಕೂತುಕೊಳ್ಳಿ. ಊಟ ಆದ ಮೇಲೆ ಅರಮನೆ, ಅಲ್ಲಿಂದ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಅವರ ವಂಶದವರು ನಡೆಸುವ ಅಂಗಡಿ ಅದು, ಮನೆಯವರಿಗೆ ಮೈಸೂರು ಪಾಕ್ ಕಟ್ಟಿಸಿಕೊಳ್ಳಿ. ಬಸ್ಸಿನಲ್ಲಿ ಹೋಗುವವರು ತುಪ್ಪದ ಪೊಟ್ಟಣವನ್ನು ಬಟ್ಟೆಗಳ ಜೊತೆ ಇಡಬೇಡಿ, ಕೈಚೀಲದಲ್ಲಿ ಮೇಲೆ ಇಟ್ಟುಕೊಳ್ಳಿ.